ಹೊರೆ ಹೊತ್ತ ಕಾಲು, ವಾಕಿಂಗ್ ಹೊರಟ ಕಾಲು

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಯಾರೂ ಸುಮ್ಮಸುಮ್ಮನೆ ನಡೆಯುವುದಿಲ್ಲ. ನಾಯಿಗುತ್ತಿ ತನ್ನ ಹುಲಿಯನನ್ನು ಜೊತೆ ಮಾಡಿಕೊಂಡು ಗುಡ್ಡ ಹತ್ತಿ ಇಳಿಯುವುದು ತಿಮ್ಮಿಗಾಗಿ. ಮಿಕ್ಕವರೂ ಅಷ್ಟೆ. ಮದುವೆ, ಸಾಲ, ಕಾಯಿಲೆ, ಜಗಳ, ಒಡೆಯರ ಹೇಳಿಕೆ, ಹೀಗೆ ಏನಾದರೊಂದು ಕಾರಣವಿದ್ದೇ ಕಾಡುದಾರಿ ಹಿಡಿಯುತ್ತಾರೆ. 1967ರಲ್ಲಿ ಪ್ರಕಟವಾದ ಈ ಕಾದಂಬರಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನದು. ಕತೆ ನಡೆಯುವುದು ತೀರ್ಥಹಳ್ಳಿ ಸೀಮೆಯ ಮೇಗರವಳ್ಳಿಯ ಆಸುಪಾಸಿನಲ್ಲಿ. ಬರೆದವರು ಹುಟ್ಟಿದ್ದು 1904ರ ಡಿಸೆಂಬರ್ 29ರಂದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರುಮನೆಯಲ್ಲಿ. ಗಡಿಯ ಆಚೆಗೂ ಈಚೆಗೂ ದಾರಿ ಒಂದೇ ಬಗೆಯದು: ಗದ್ದೆಯ ಅಂಚು, ಹಳ್ಳದ ಮೇಲಿನ ಸಂಕ, ಉಣುಗೋಲು, ಮತ್ತೆ ಏರು.

ಈಗ ಅದೇ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಬೆಳಗಿನ ಜಾವ ಜನ ಎಲ್ಲಿಗೂ ಹೋಗುವುದಿಲ್ಲದೆ ನಡೆಯುತ್ತಾರೆ. ಹೋದ ದಾರಿಯಲ್ಲೇ ತಿರುಗಿ ಬರುತ್ತಾರೆ. ಕಾಲಿಗೆ ಬೂಟು, ಕೆಲವರ ಕೈಯಲ್ಲಿ ನಾಯಿ ಓಡಿಸಲು ಕೋಲು. ಹಾಗೆ ಹೊರಡುವವರಿಗಿಂತ ಹೊರಡಬೇಕೆಂದುಕೊಂಡವರು ಹೆಚ್ಚು. “ಡಾಕ್ಟ್ರು ವಾಕಿಂಗ್ ಮಾಡಿ ಅಂದಿದಾರೆ, ಆಗ್ತಾ ಇಲ್ಲ ಮಾರಾಯ್ರೆ” ಎಂಬ ಮಾತು ಈ ಮೂರೂ ತಾಲ್ಲೂಕುಗಳ ಅಂಗಡಿ ಜಗುಲಿಗಳಲ್ಲಿ ಮಾಮೂಲು. ದಿನವಿಡೀ ನಡೆದೇ ಬದುಕಿದ ಸೀಮೆಯಲ್ಲಿ ಅರ್ಧ ಗಂಟೆಯ ನಡಿಗೆಗೆ ಮನಸ್ಸು ಒಗ್ಗದಿರುವುದಕ್ಕೆ ಸೋಮಾರಿತನವೊಂದೇ ಕಾರಣ ಎನ್ನುವುದು ಅವಸರದ ತೀರ್ಪು. ಅದರ ಹಿಂದೆ ಒಂದು ಶತಮಾನದ ಚರಿತ್ರೆಯಿದೆ.

ಆ ಚರಿತ್ರೆ ಹೊರೆಯಿಂದ ಶುರುವಾಗುತ್ತದೆ. ಶೃಂಗೇರಿಯಿಂದ ಕೆರೆಕಟ್ಟೆ ದಾಟಿ ಕಾರ್ಕಳದ ಕಡೆ ಇಳಿಯುವ ದಾರಿಯಲ್ಲಿ ಒಂದು ಜಾಗವನ್ನು ಜನ ಇಂದಿಗೂ ಎಸ್.ಕೆ. ಬಾರ್ಡರ್ ಎನ್ನುತ್ತಾರೆ. ಸೌತ್ ಕೆನರಾ ಎಂಬ ಜಿಲ್ಲೆಯ ಹೆಸರು ಹೋಗಿ ಎಷ್ಟೋ ಕಾಲವಾದರೂ ಗಡಿಯ ಹೆಸರು ಉಳಿದಿದೆ. ಘಟ್ಟದ ಕೆಳಗಿನಿಂದ ಉಪ್ಪು, ಒಣಮೀನು ಮೇಲೆ ಬಂದವು. ಮೇಲಿನಿಂದ ಅಡಿಕೆ, ಮೆಣಸು, ಅಕ್ಕಿ ಕೆಳಗಿಳಿದವು. ಮೋಟಾರು ರಸ್ತೆ ಆಗುವ ಮೊದಲು ಇವೆಲ್ಲ ಹೇರೆತ್ತಿನ ಬೆನ್ನಿನ ಮೇಲೆ, ಇಲ್ಲವೇ ಆಳಿನ ತಲೆಯ ಮೇಲೆ ಸಾಗಿದವು. ತೋಟದ ಕೆಲಸಕ್ಕೆ ಬರುತ್ತಿದ್ದ ಕೆಳಗಿನವರು ಹೆಂಡತಿ ಮಕ್ಕಳೊಂದಿಗೆ ಘಟ್ಟ ಹತ್ತಿದ್ದು ಕಾಲಿನಲ್ಲೇ. ಮಠಾಧಿಪತಿಗಳು, ಅಧಿಕಾರಿಗಳು, ಸಿರಿವಂತ ಮನೆಯ ಹೆಂಗಸರು ಪಲ್ಲಕ್ಕಿಯಲ್ಲೋ ಮೇನೆಯಲ್ಲೋ ಹೋದರು. ಅಂದರೆ ಅದನ್ನು ಹೆಗಲಿಗೇರಿಸಿದ ಬೋಯಿಗಳು ಹೋದರು.

ಹಳೆಯ ಕಾಲದ ಗಟ್ಟಿಮುಟ್ಟಾದ ದೇಹಗಳನ್ನು ಹೊಗಳುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ. ಎಲ್ಲರೂ ಒಂದೇ ಸಮ ದುಡಿಯಲಿಲ್ಲ. ಹೊತ್ತವರು ಬೇರೆ, ಹೊರಿಸಿದವರು ಬೇರೆ. ಹೆಂಗಸರ ಪಾಲು ಇನ್ನೂ ದೊಡ್ಡದು. ಕೊಟ್ಟಿಗೆಗೆ ಹಾಸಲು ಸೊಪ್ಪಿನಬೆಟ್ಟದಿಂದ ಸೊಪ್ಪಿನ ಹೊರೆ, ಬೇಸಗೆಯಲ್ಲಿ ದರಗಿನ ಜಲ್ಲೆ, ತಲೆಯ ಮೇಲೆ ಸಿಂಬೆ, ಅದರ ಮೇಲೆ ಮುಖವೇ ಕಾಣದಷ್ಟು ಹಸಿರು. ಅದು ಮುಗಿದರೆ ನೀರು, ಭತ್ತ ಕುಟ್ಟುವ ಒನಕೆ, ನಾಟಿ. ಬೆನ್ನು ಬಗ್ಗಿಸಿ ದಿನವಿಡೀ ಸಸಿ ನೆಟ್ಟ ಹೆಂಗಸಿಗೆ ಸಂಜೆ ಯಾರಾದರೂ ವ್ಯಾಯಾಮದ ಮಾತು ತೆಗೆದಿದ್ದರೆ ಅವಮಾನವೆನಿಸುತ್ತಿತ್ತು. ಇಂದಿಗೂ ಸರ್ಕಾರಿ ಆಸ್ಪತ್ರೆಯಲ್ಲಿ ಕೂಲಿ ಮಾಡುವ ಅಮ್ಮನಿಗೆ “ಸ್ವಲ್ಪ ಎಕ್ಸರ್‌ಸೈಜ್ ಮಾಡಮ್ಮ” ಎಂದರೆ ಆಕೆ ಸುಮ್ಮನೆ ನೋಡುತ್ತಾಳೆ. ಆ ನೋಟವನ್ನು ಅರ್ಥ ಮಾಡಿಕೊಳ್ಳದೆ ಈ ಭಾಗದಲ್ಲಿ ಆರೋಗ್ಯದ ಪಾಠ ಹೇಳುವುದು ಕಷ್ಟ.

ದೇಹದ ಕಸುವು ಮತ್ತು ಚಳಕ ಎರಡೂ ಒಂದಾದ ಕೆಲಸವೆಂದರೆ ಕೊನೆಗಾರನದು. ಐವತ್ತು ಅರವತ್ತು ಅಡಿ ಎತ್ತರದ ಅಡಿಕೆ ಮರ, ಕಾಲಿಗೆ ತಳೆ, ಸೊಂಟಕ್ಕೆ ಕತ್ತಿ, ಕೂರಲು ಮರಕ್ಕೆ ಸಿಕ್ಕಿಸುವ ಪುಟ್ಟ ಮಣೆ. ಪಾದಗಳೆರಡನ್ನೂ ತಳೆಯಲ್ಲಿ ಬಿಗಿದು ಮೇಲಕ್ಕೆ ಜಿಗಿಯುತ್ತ ಹೋಗಿ, ತುದಿಯಲ್ಲಿ ಮಣೆ ಹಾಕಿ ಕೂತು, ಕೊನೆಯನ್ನು ಕಡಿದು ನೇಣಿನ ಮೇಲೆ ಜಾರಿಬಿಡಬೇಕು. ಕೆಳಗೆ ನೇಣನ್ನು ಬಿಗಿಹಿಡಿದು ನಿಂತವನ ಕೈಗೆ ಅದು ಉದುರದೆ ಬಂದು ಸೇರಬೇಕು. ಆ ಮರ ಮುಗಿದ ಮೇಲೆ ಇಳಿಯುವ ಮಾತಿಲ್ಲ. ಕೂತಲ್ಲಿಂದಲೇ ಮರವನ್ನು ತೂಗಿ, ಪಕ್ಕದ ಮರವನ್ನು ಕೈಚಾಚಿ ಎಳೆದುಕೊಂಡು, ಅದಕ್ಕೆ ದಾಟಿಕೊಳ್ಳಬೇಕು. ತೋಟದ ಒಂದು ಸಾಲು ಹೀಗೆ ನೆಲ ಮುಟ್ಟದೆ ಮುಗಿಯುತ್ತದೆ. ಯಾವ ಜಿಮ್ನಾಸ್ಟಿಕ್ಸ್ ಕಣಕ್ಕೂ ಕಡಿಮೆಯಿಲ್ಲದ ಈ ವಿದ್ಯೆಗೆ ಪದಕವಿಲ್ಲ. ಬಿದ್ದವನ ಮನೆಗೆ ಬಹುಕಾಲ ಪರಿಹಾರವೂ ಇರಲಿಲ್ಲ.

ಮಳೆಗಾಲದಲ್ಲಿ ಈ ಕೆಲಸ ಇನ್ನೂ ಕಠಿಣ. ಕೊಳೆರೋಗದಿಂದ ಕಾಯಿ ಉಳಿಸಲು ಹಿಂದೆ ಒಂದೊಂದು ಕೊನೆಗೂ ಹಾಳೆಯ ಕೊಟ್ಟೆ ಕಟ್ಟುತ್ತಿದ್ದರು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನುಹತ್ತಿ, 1910ರ ಹೊತ್ತಿಗೆ ತಮ್ಮ ಅಧ್ಯಯನ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಮಲೆನಾಡಿನ ತೋಟಗಳಲ್ಲಿ ಕಾಲೂರಿದ್ದು ಆಮೇಲೆ. ಔಷಧಿ ಬಂತು, ಹತ್ತುವುದು ತಪ್ಪಲಿಲ್ಲ. ಜಾರುವ ಮರವನ್ನು ಮಳೆ ನಿಂತ ಎರಡು ಗಂಟೆಯ ಬಿಡುವಿನಲ್ಲಿ ಹತ್ತಿ ಔಷಧಿ ಹೊಡೆಯಬೇಕಾಯಿತು. ಅದು ತಪ್ಪುತ್ತಿರುವುದು ಈಗೀಗ, ನೆಲದ ಮೇಲೆ ನಿಂತೇ ಕೊಯ್ಯುವ, ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ. ಕೊನೆಗಾರರ ಮಕ್ಕಳು ಮರ ಹತ್ತುವುದನ್ನು ಬಿಟ್ಟಿದ್ದರೆ ಅದರಲ್ಲಿ ಮರುಗುವಂಥದ್ದೇನೂ ಇಲ್ಲ.

ಹತ್ತಲು ಬಲವಿದ್ದರಲ್ಲವೇ ಹತ್ತುವುದು? ಮಲೆನಾಡಿನ ದೇಹದ ಕತೆಯಲ್ಲಿ ಮಲೇರಿಯಾ ಬರದೆ ಹೋದರೆ ಕತೆ ಸುಳ್ಳಾಗುತ್ತದೆ. ಆಗ ಈ ಪ್ರದೇಶ ಕಡೂರು ಜಿಲ್ಲೆಗೆ ಸೇರಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಸಂಸ್ಥಾನದ ಜನಗಣತಿಗಾರರನ್ನು ಕಾಡಿದ ಸಂಗತಿಗಳಲ್ಲಿ ಮಲೆನಾಡಿನ ಜನ ಕುಗ್ಗುತ್ತಿರುವುದೂ ಒಂದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಮಲೆನಾಡಿನ ಸುಧಾರಣೆಗೆಂದೇ ಪ್ರತ್ಯೇಕ ಯೋಜನೆ ರೂಪಿಸಬೇಕಾಯಿತು. ಗಡ್ಡೆ ಕಟ್ಟಿದ ಗುಲ್ಮ, ಉಬ್ಬಿದ ಹೊಟ್ಟೆ, ಚಳಿಜ್ವರದ ಕ್ವಿನೈನ್. 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಪಡೆದು ಎಡೇಹಳ್ಳಿಯು ನರಸಿಂಹರಾಜಪುರವಾಯಿತು, ತರೀಕೆರೆಯಿಂದ ಕಾಡು ಸೀಳಿಕೊಂಡು ಕಿರಿದಾದ ಹಳಿಯ ರೈಲು ಬಂತು. ಆದರೂ ಹೊರಗಿನ ನೌಕರರಿಗೆ ಮಲೆನಾಡಿಗೆ ವರ್ಗವೆಂದರೆ ಶಿಕ್ಷೆಯಾಗಿಯೇ ಉಳಿಯಿತು. ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಸಿಂಪಡಣೆ ನಡೆದ ಮೇಲೆ ಜ್ವರದ ಹಿಡಿತ ಸಡಿಲಿತು. ಅಲ್ಲಿಯವರೆಗೆ ಇಲ್ಲಿನವರಿಗೆ ಆರೋಗ್ಯವೆಂದರೆ ಜ್ವರವಿಲ್ಲದ ದಿನ. ಕಸರತ್ತು ಮಾಡಿ ಮೈ ಬೆಳೆಸುವ ಯೋಚನೆಗೆ ಅಲ್ಲಿ ಜಾಗವಿರಲಿಲ್ಲ.

ಆ ಯೋಚನೆ ಹುರುಪಾಗಿ ಬೆಳೆದದ್ದು ಬಯಲುಸೀಮೆಯ ಪಟ್ಟಣಗಳಲ್ಲಿ. ಮೈಸೂರಿನ ಗರಡಿಮನೆಗಳ ಮಾತು ಹಾಗಿರಲಿ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದ ಕೆ.ವಿ. ಅಯ್ಯರ್ 1930ರಲ್ಲಿ ‘ಮಸಲ್ ಕಲ್ಟ್’ ಪುಸ್ತಕ ತಂದರು, ಅಂಚೆಯ ಮೂಲಕ ದೂರದೂರಿನವರಿಗೂ ವ್ಯಾಯಾಮ ಕಲಿಸಿದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಲೇಖಕರೂ ಅವರೇ. ಟಿ. ಕೃಷ್ಣಮಾಚಾರ್ಯರು 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆದು, ಮರುವರ್ಷ ‘ಯೋಗಮಕರಂದ’ವನ್ನು ಕನ್ನಡದಲ್ಲೇ ಬರೆದರು. ಇವತ್ತು ಜಗತ್ತಿನ ಯಾವುದೋ ಮೂಲೆಯಲ್ಲಿ ನಡೆಯುವ ಯೋಗ ತರಗತಿಯ ಬೇರು ಆ ಅರಮನೆಯ ಕೋಣೆಯಲ್ಲಿ ಇರಬಹುದು. 1940ರ ದಶಕದಲ್ಲಿ ಮಲ್ಲಾಡಿಹಳ್ಳಿಯಲ್ಲಿ ನೆಲೆ ನಿಂತ ರಾಘವೇಂದ್ರ ಸ್ವಾಮೀಜಿ ಯೋಗ, ಮಲ್ಲವಿದ್ಯೆ, ವೈದ್ಯಗಳನ್ನು ಹಳ್ಳಿಯ ಹುಡುಗರಿಗೆ ಮುಟ್ಟಿಸಲು ಬದುಕನ್ನೇ ತೆತ್ತರು.

ಶೃಂಗೇರಿಯಲ್ಲಿ ಇದೇ ವಿದ್ಯೆಗೆ ಬೇರೆಯೇ ಒಂದು ಒಳದಾರಿ ಇತ್ತು. 1931ರಲ್ಲಿ ಬಾಲ್ಯದಲ್ಲೇ ಸಂನ್ಯಾಸ ಪಡೆದು ಮುಂದೆ ಪೀಠವೇರಿದ ಅಭಿನವ ವಿದ್ಯಾತೀರ್ಥರು ಆಸನ, ಪ್ರಾಣಾಯಾಮಗಳನ್ನು ಶ್ರದ್ಧೆಯಿಂದ ಸಾಧಿಸಿದವರು. ಊರಿನ ಗುಡ್ಡವೇರಿ ಧ್ಯಾನಕ್ಕೆ ಕೂರುತ್ತಿದ್ದುದನ್ನು ಅವರು ಶಿಷ್ಯರಿಗೆ ಹೇಳಿದ ನೆನಪುಗಳು ಪುಸ್ತಕವಾಗಿ ಬಂದಿವೆ. ಅವರಿಗೆ ಆಸನವು ಮೈಕಟ್ಟಿಗಲ್ಲ, ಧ್ಯಾನಕ್ಕೆ ಮೈಯನ್ನು ಅಣಿಗೊಳಿಸಲು. ಮಠದ ಹೊರಗೆ, ಊರಿನ ಸಾಮಾನ್ಯ ಹುಡುಗನಿಗೆ ವ್ಯಾಯಾಮವೆಂದರೆ ಶಾಲೆಯ ಡ್ರಿಲ್ ಮೇಷ್ಟ್ರ ಸೀಟಿ, ಆಗಸ್ಟ್ 15ರ ಕವಾಯತು, ಗದ್ದೆ ಕೊಯ್ಲಿನ ನಂತರದ ಕಬಡ್ಡಿ ಮತ್ತು ವಾಲಿಬಾಲ್. ಶಾಲೆ ಬಿಟ್ಟ ದಿನವೇ ಅದೂ ಮುಗಿಯುತ್ತಿತ್ತು.

ದಿನವೂ ನಿಯಮದಿಂದ ನಡೆಯುವುದನ್ನು ಸ್ವಂತ ಇಚ್ಛೆಯಿಂದ ಅಪ್ಪಿಕೊಂಡ ಮಲೆನಾಡಿಗ ಯಾರೆಂದು ಹುಡುಕಿದರೆ ಮತ್ತೆ ಕುವೆಂಪು ಅವರೇ ಎದುರಾಗುತ್ತಾರೆ. ಮೈಸೂರಿನಲ್ಲಿ ಅವರ ವಾಯುಸಂಚಾರ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ. ಬೆಳ್ಳಕ್ಕಿಗಳ ಸಾಲು ಆಕಾಶದಲ್ಲಿ ಹಾಯ್ದದ್ದನ್ನು ಕಂಡು ‘ದೇವರು ರುಜು ಮಾಡಿದನು’ ಕವಿತೆ ಹುಟ್ಟಿದ್ದು ಮಾತ್ರ ತೀರ್ಥಹಳ್ಳಿ ಕಡೆಯ ತುಂಗಾ ನದಿಯ ಬಳಿಯಲ್ಲಿ. ಆರೋಗ್ಯ ಅವರ ನಡಿಗೆಗೆ ಒಂದು ನೆಪ ಮಾತ್ರ. ನೋಡುವುದು ಇತ್ತು, ಬರೆಯುವುದು ಇತ್ತು. ನಾಯಿಗುತ್ತಿಗೆ ತಿಮ್ಮಿ ಇದ್ದ ಹಾಗೆ ಅವರಿಗೂ ಹೋಗಿ ಸೇರಬೇಕಾದ ಒಂದು ಜಾಗವಿತ್ತು ಎನ್ನಬಹುದು. ನಡಿಗೆ ತಪ್ಪದೆ ನಡೆದದ್ದು ಅದಕ್ಕೇ.

ಊರಿನಲ್ಲಿ ಉಳಿದವರ ಕಾಲಿಗೆ ಬಿಡುವು ಕೊಟ್ಟದ್ದು ಬಸ್ಸು. ಶಂಕರ್ ಟ್ರಾನ್ಸ್‌ಪೋರ್ಟ್ ಕಂಪನಿ ಮುಚ್ಚಿದಾಗ ಅದರ ಕೆಲಸಗಾರರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿಕೊಂಡ ಸಹಕಾರ ಸಾರಿಗೆಯ ಬಸ್ಸುಗಳು ಮೂಲೆಮೂಲೆಯ ಹಳ್ಳಿಗಳನ್ನು ಮುಟ್ಟಿದವು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಮಾಲೀಕರಾಗಿದ್ದ ಆ ಸಂಸ್ಥೆಯನ್ನು ನೋಡಲು ದೂರದೂರದಿಂದ ಜನ ಬಂದರು. 2020ರಲ್ಲಿ ಅದು ನಿಂತಾಗ ಈ ಸೀಮೆ ತನ್ನ ಮನೆಯದೇ ಏನೋ ಹೋದಂತೆ ನೊಂದದ್ದು ನಿಜ. ಶಾಲೆ ಮಕ್ಕಳು, ಬಸುರಿಯರು, ಅಡಿಕೆ ಮಾರಲು ಹೊರಟವರು ಆ ಬಸ್ಸುಗಳನ್ನು ನಂಬಿದ್ದರು. ಮೈಲಿಗಟ್ಟಲೆ ನಡೆಯುವುದು ತಪ್ಪಿದ್ದು ದೊಡ್ಡ ಉಪಕಾರ. ಅದರ ಜೊತೆಗೇ, ಯಾರೂ ಲೆಕ್ಕವಿಡದೆ, ಒಂದು ನಷ್ಟವೂ ಆಯಿತು.

ಬಸ್ಸಿನ ಮಾತು ಬಂದಾಗ ಲಂಡನ್ನಿನ ವೈದ್ಯ ಜೆರ್ರಿ ಮೋರಿಸ್ ಅವರನ್ನು ನೆನೆಯಬೇಕು. ಅವರೂ ಸಂಗಡಿಗರೂ ಸುಮಾರು 31,000 ಸಾರಿಗೆ ನೌಕರರನ್ನು ಗಮನಿಸಿ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ದಿನವಿಡೀ ಕೂತ ಡ್ರೈವರುಗಳಿಗಿಂತ ಎರಡಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿಳಿಯುತ್ತಿದ್ದ ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆಯಿತ್ತು, ಬಂದರೂ ಅಷ್ಟು ಮಾರಕವಾಗಿರಲಿಲ್ಲ. ದುಡಿಮೆಯೊಳಗಿನ ಚಲನೆಯೇ ಗುಂಡಿಗೆ ಕಾಯುತ್ತದೆ ಎಂದು ಮೊದಲ ಬಾರಿಗೆ ಇಷ್ಟು ಸ್ಪಷ್ಟವಾಗಿ ಅಂಕಿಗಳು ಹೇಳಿದವು. ಮಲೆನಾಡಿನಲ್ಲಿ ಆ ಚಲನೆ ಒಂದೊಂದಾಗಿ ಕಳಚಿತು. ಮನೆಯಂಗಳಕ್ಕೆ ಜೀಪು ಬಂತು, ಬಾವಿಗೆ ಪಂಪು, ಒನಕೆಯ ಜಾಗಕ್ಕೆ ಗಿರಣಿ, ಕೊಟ್ಟಿಗೆ ಖಾಲಿಯಾದ ಮೇಲೆ ಸೊಪ್ಪಿನ ಹೊರೆಯೇ ಬೇಡವಾಯಿತು. 1974ರ ಭೂಸುಧಾರಣೆ ಗೇಣಿದಾರರನ್ನು ಒಡೆಯರನ್ನಾಗಿಸಿತು. ಅವರ ಮಕ್ಕಳು ಸ್ಕೂಟರು ಕೊಂಡರು. ಹೊರೆ ಹೊತ್ತ ಮನೆತನಕ್ಕೆ ವಾಹನವೆಂದರೆ ಬರೀ ಅನುಕೂಲವಲ್ಲ, ಮರ್ಯಾದೆ. “ಪೇಟೆಗೆ ನಡ್ಕೊಂಡು ಬಂದ್ರಾ?” ಎಂದು ಕೇಳಿಸಿಕೊಳ್ಳಲು ಇಲ್ಲಿ ಯಾರಿಗೂ ಇಷ್ಟವಿಲ್ಲದಿರುವುದರ ಮೂಲ ಇದು. ನಡೆಯಲು ಪ್ರೇರಣೆ ಇಲ್ಲವೆಂದು ಜನರನ್ನು ಬೈಯುವ ಮೊದಲು, ನಡಿಗೆಗೆ ಬಡತನದ ಮುದ್ರೆ ಎಷ್ಟು ಕಾಲದಿಂದ ಬಿದ್ದಿದೆ ಎಂದು ಯೋಚಿಸಬೇಕು.

ಇದು ಮಲೆನಾಡಿನ ಪಾಡು ಮಾತ್ರವಲ್ಲ. ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್ ಮತ್ತು ಚಂಡೀಗಢಗಳಲ್ಲಿ ನಡೆದ ಐಸಿಎಂಆರ್ ಅಧ್ಯಯನದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಶೇ 54.4ರಷ್ಟು ಜನರಲ್ಲಿ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಬಿಡುವಿನ ವೇಳೆಯಲ್ಲಿ ಆಟ, ವ್ಯಾಯಾಮ ಮಾಡುವವರು ಶೇ 10ಕ್ಕೂ ಕಡಿಮೆ. ವಾರಕ್ಕೆ 150 ನಿಮಿಷದ ಚುರುಕು ನಡಿಗೆ ಸಾಕು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಕೇಳಲು ಸಣ್ಣದು, ಪಾಲಿಸಲು ದೊಡ್ಡದು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಜನಪ್ರಿಯ ಲೆಕ್ಕಕ್ಕಂತೂ ವೈದ್ಯಶಾಸ್ತ್ರದ ಮೂಲವಿಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಮಾರುಕಟ್ಟೆಗೆ ಬಿಟ್ಟ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಅದು ಹರಡಿತು. ಆ ಅಂಕಿ ಮುಟ್ಟಲಿಲ್ಲವೆಂದು ಕೈಚೆಲ್ಲುವವರಿಗೆ ಈ ಸಂಗತಿ ತಿಳಿದಿದ್ದರೆ ಒಳ್ಳೆಯದು.

ಇನ್ನೂ ಸಮಾಧಾನದ ಮಾತು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರ ಅಧ್ಯಯನದಲ್ಲಿದೆ. 96 ಜನ ಹೊಸದೊಂದು ರೂಢಿಯನ್ನು 12 ವಾರ ನಡೆಸಿದರು. ಅದು ತಾನಾಗಿ ನಡೆಯುವ ಅಭ್ಯಾಸವಾಗಲು ಸರಾಸರಿ 66 ದಿನ ಬೇಕೆಂದು ಲೆಕ್ಕಕ್ಕೆ ಬಂತು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನವೂ ಆಗಬಹುದು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ಹಾನಿಯಿಲ್ಲ ಎಂಬುದು ಮುಖ್ಯ. ವಾಗ್ಭಟನ ‘ಅಷ್ಟಾಂಗಹೃದಯ’ವೂ ಬಲವಂತವನ್ನು ಒಪ್ಪುವುದಿಲ್ಲ. ಚಳಿಗಾಲ ಮತ್ತು ವಸಂತದಲ್ಲಿ, ಬಲವುಳ್ಳವರು ತಮ್ಮ ಶಕ್ತಿಯ ಅರ್ಧದಷ್ಟು ವ್ಯಾಯಾಮ ಮಾಡಲಿ, ಮಿಕ್ಕ ಕಾಲದಲ್ಲಿ ಇನ್ನೂ ಕಡಿಮೆ ಎನ್ನುತ್ತದೆ. ಆಯುರ್ವೇದ ಕಾಲೇಜೇ ಇರುವ ಕೊಪ್ಪದಲ್ಲಿ ಈ ಮಾತನ್ನು ಜನರ ಕಿವಿಗೆ ಹಾಕುವುದು ಕಷ್ಟವಾಗಬಾರದು.

ಬಲವಂತವಿಲ್ಲದೆ, ಕೂಲಿಯಿಲ್ಲದೆ ಈ ನಾಡು ಮೈಮುರಿದು ನಡೆದದ್ದೂ ಉಂಟು. ದೀಪಾವಳಿಯಲ್ಲಿ ಅಂಟಿಕೆ-ಪಂಟಿಕೆಯವರು ದೀಪ ಹೊತ್ತು ಮನೆಮನೆಗೆ ಹೊರಡುತ್ತಾರೆ. ದೀಪ ಆರದಂತೆ ಒಬ್ಬ ಕಾಯಬೇಕು, ಮಿಕ್ಕವರು ಹಾಡಬೇಕು, ಗುಡ್ಡದಾಚೆಯ ಒಂಟಿಮನೆಯನ್ನೂ ಬಿಡುವಂತಿಲ್ಲ. ಮನೆಯವರು ದೀಪಕ್ಕೆ ಎಣ್ಣೆ ಎರೆದು, ಅಕ್ಕಿ ಕಾಯಿ ಕೊಟ್ಟು ಕಳಿಸುವಾಗ ಬೆಳಗಾಗುತ್ತಿರುತ್ತದೆ. ಯಕ್ಷಗಾನದ ಆಟಕ್ಕೆ ಸೂಡಿ ಬೀಸಿಕೊಂಡು ಹರದಾರಿಗಟ್ಟಲೆ ಹೋಗಿ, ರಾತ್ರಿಯೆಲ್ಲ ನೋಡಿ, ಬೆಳಗ್ಗೆ ಬಂದು ನೊಗ ಕಟ್ಟಿದವರ ಪೀಳಿಗೆ ಇನ್ನೂ ಪೂರ್ತಿ ಕಣ್ಮರೆಯಾಗಿಲ್ಲ. ಶಿವರಾತ್ರಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆಯುವವರಲ್ಲಿ ವರ್ಷದ ಮಿಕ್ಕ ದಿನ ಒಂದು ಕಿಲೋಮೀಟರೂ ನಡೆಯದವರಿದ್ದಾರೆ. ಇವರಿಗೆಲ್ಲ ಮೂರು ಸಂಗತಿಗಳು ಕೂಡಿಬಂದಿದ್ದವು: ಜೊತೆಗಾರರು, ತಪ್ಪಿಸಲಾಗದ ತಿಥಿ, ತಲುಪಬೇಕಾದ ಜಾಗ. ವಾಕಿಂಗಿಗೆ ಈ ಮೂರೂ ಇಲ್ಲ. ಒಬ್ಬಂಟಿಯಾಗಿ, ಯಾವ ದಿನವಾದರೂ, ಎಲ್ಲಿಗೂ ಅಲ್ಲದೆ ಹೊರಡುವ ಕೆಲಸಕ್ಕೆ ಹಾಸಿಗೆ ಬಿಟ್ಟೇಳಲು ಮನಸ್ಸು ತಕರಾರು ಮಾಡಿದರೆ ಆಶ್ಚರ್ಯವಿಲ್ಲ. ಮಳೆಗಾಲದ ಕೆಸರುಗದ್ದೆ ಕ್ರೀಡಾಕೂಟಗಳು ಇದನ್ನೇ ತೋರಿಸುತ್ತವೆ. ಹಗ್ಗಜಗ್ಗಾಟಕ್ಕೆ ಹೆಸರು ಕೊಟ್ಟ ನಡುವಯಸ್ಸಿನ ಹೆಂಗಸರು ಮೊಣಕಾಲುದ್ದದ ಕೆಸರಿನಲ್ಲಿ ಬಿದ್ದು ಎದ್ದು ಎಳೆಯುವುದನ್ನು ನೋಡಿದವರು ಇಲ್ಲಿಯವರಿಗೆ ಉತ್ಸಾಹವಿಲ್ಲ ಎನ್ನಲಾರರು.

ಊರಿನ ದಾರಿಗಳೂ ನಡೆಯುವವರ ಪರವಾಗಿಲ್ಲ. ಪೇಟೆಯ ರಸ್ತೆ ಅಗಲವಾಗುವಾಗ ಕಾಲುದಾರಿಗೆ ಜಾಗ ಉಳಿಸುವ ಯೋಚನೆ ಅಪರೂಪ. ತಿರುವುಗಳಲ್ಲಿ ಪ್ರವಾಸಿಗರ ಕಾರುಗಳ ವೇಗ, ನಸುಕಿನಲ್ಲಿ ಒಬ್ಬಳೇ ಹೊರಡಲು ಹೆಣ್ಣುಮಕ್ಕಳಿಗೆ ಅಂಜಿಕೆ. ನರಸಿಂಹರಾಜಪುರ ತಾಲ್ಲೂಕಿನಲ್ಲಂತೂ ಈಚಿನ ವರ್ಷಗಳಲ್ಲಿ ಕಾಡಾನೆ ದಾಳಿಗೆ ಜನ ಬಲಿಯಾಗಿದ್ದಾರೆ. ಅಲ್ಲಿ ಬೆಳಗಿನ ಜಾವ ತೋಟದ ದಾರಿಯಲ್ಲಿ ನಡೆಯಿರಿ ಎಂದು ಯಾವ ಬಾಯಲ್ಲಿ ಹೇಳುವುದು? ಕತ್ತಲಿರುವಾಗಲೇ ತಲೆಗೆ ಬ್ಯಾಟರಿ ಕಟ್ಟಿಕೊಂಡು ಮರದಿಂದ ಮರಕ್ಕೆ ಸಾಗುವ ರಬ್ಬರ್ ಟ್ಯಾಪಿಂಗಿನವರು ಅದೇ ಭಯದಲ್ಲಿ ದಿನ ತೆಗೆಯುತ್ತಿದ್ದಾರೆ.

ಆಮೇಲೆ ಮಳೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಕಿಗ್ಗ, ಕೆರೆಕಟ್ಟೆಗಳ ಕಡೆಯೂ ಅದರ ತಮ್ಮನಂಥ ಮಳೆ. ಕಂಬಳಿಕೊಪ್ಪೆ, ಗೊರಬು ಹಾಕಿ, ಉಂಬಳಕ್ಕೆ ಸುಣ್ಣ ಹೊಗೆಸೊಪ್ಪು ಹಚ್ಚಿ ಗದ್ದೆಗಿಳಿದ ಕಾಲ ಬೇರೆ. ಈಗ ಜೂನ್ ಬಂತೆಂದರೆ ವಾಕಿಂಗ್ ಬೂಟು ಅಟ್ಟ ಸೇರುತ್ತದೆ, ಅಕ್ಟೋಬರಿನಲ್ಲಿ ಮತ್ತೆ ಮೊದಲಿನಿಂದ ಶುರು. ಆ ನಾಲ್ಕು ತಿಂಗಳಿಗೆ ಬೇಕಾದದ್ದು ಒಂದು ಸೂರು ಮತ್ತು ಜೊತೆ. ಸಮುದಾಯ ಭವನಗಳು ಮದುವೆಯಿಲ್ಲದ ಆಷಾಢದಲ್ಲಿ ಖಾಲಿ ಬಿದ್ದಿರುತ್ತವೆ. ಪಂಚಾಯಿತಿಗಳು ಸಂಜೆಯ ಎರಡು ಗಂಟೆ ಅವುಗಳ ಬಾಗಿಲು ತೆರೆದಿಟ್ಟರೂ ಸಾಕು. ಹೆಂಗಸರೂ ಮಕ್ಕಳೂ ಒಟ್ಟಿಗೆ ಯಕ್ಷಗಾನದ ಹೆಜ್ಜೆ ಕಲಿಯುವ ರೂಢಿ ಈಗ ಮಲೆನಾಡು, ಕರಾವಳಿ ಎರಡೂ ಕಡೆ ಬೆಳೆದಿದೆ. ಬಡಗಿನ ಒಂದು ಪ್ರವೇಶಕುಣಿತವನ್ನು ಚಂಡೆಯ ಪೆಟ್ಟಿಗೆ ಸರಿಯಾಗಿ, ಮಂಡಿ ಬಗ್ಗಿಸಿ, ಉಸಿರು ತಪ್ಪದೆ ಮುಗಿಸಿದವರಿಗೆ ಬೇರೆ ವ್ಯಾಯಾಮ ಬೇಕಿಲ್ಲ. ಕಲಿತವರು ರಂಗವೇರುವ ದಿನವನ್ನು ಮೊದಲೇ ಗೊತ್ತು ಮಾಡಿಬಿಟ್ಟರೆ, ಸುರಿಯುವ ಮಳೆಯಲ್ಲೂ ಕೊಡೆ ಹಿಡಿದು ಬರುತ್ತಾರೆ.